ಮೂರನೆಯ ಮುಟಗಿ

ಬಾಗಿಲ ಬಳಿಯ ಕಾಲೊರಸಿನ ಮೇಲೆ ಗುಳಿಗೆ ಬಿದ್ದಿತ್ತು. ಸುತ್ತಲಿನ ಬ್ರೆಡ್ಡನ್ನು ಚೊಕ್ಕಟವಾಗಿ ತಿಂದು, ಗುಳಿಗೆಯನ್ನು ಮಾತ್ರ ನೆಕ್ಕಿ ಉಗುಳಿ, ಬ್ರೂನೋ ಮೂಲೆಯಲ್ಲಿ ಕುಳಿತು ನನ್ನನ್ನೇ ನೋಡುತ್ತಿತ್ತು. ಧಾರವಾಡದಲ್ಲಿ ಓದುವ ಮಗಳು ನನ್ನ ಕೊರಳಿಗೆ ಕಟ್ಟಿಹೋದ ನಾಯಿ ಇದು. ಹೊಟ್ಟೆಯಲ್ಲಿ ಜಂತುಹುಳುಗಳಾಗಿವೆ, ತಿಂದದ್ದು ಮೈಗೆ ಹತ್ತುತ್ತಿಲ್ಲ, ಗುಳಿಗೆ ಒಳಗೆ ಹೋಗಲೇಬೇಕು ಎಂದು ಡಾಕ್ಟರು ಹೇಳಿ ಕಳಿಸಿದ್ದಾರೆ. ನಿನ್ನೆಯಿಂದ ಬಿಸ್ಕತ್ತು, ತತ್ತಿ, ಬಾಳೆಹಣ್ಣು ಎಲ್ಲ ಆಯಿತು. ಮನೆಮಂದಿಗೆಲ್ಲ ಬುದ್ಧಿ ಹೇಳುವ ನನಗೆ ಒಂದು ನಾಯಿಗೆ ಗುಳಿಗೆ ನುಂಗಿಸಲಾಗಲಿಲ್ಲ, ನೋಡಿ.

ಗುಳಿಗೆಯನ್ನು ಎತ್ತಿಕೊಂಡಾಗ ಅದರ ಸುಣ್ಣದಂಥ ವಾಸನೆ ಮೂಗಿಗೆ ಬಡಿಯಿತು. ಅಸುಂಡಿಯ ಅತ್ತಿ ನೆನಪಾದಳು.

ಅತ್ತಿ ಎಂದರೆ ನನ್ನ ಅಪ್ಪನ ಅಕ್ಕ. ಅವಳ ಮನೆಯಲ್ಲಿದ್ದುಕೊಂಡೇ ನಾನು ಶಾಲೆ ಕಲಿತದ್ದು. ಉಣ್ಣಿಸುವುದರಲ್ಲಿ ಅವಳಿಗೆ ವಿಪರೀತ ಅಭಿಮಾನ. ಯಾರಾದರೂ ಸಾಕೆಂದು ತಾಟಿಗೆ ಕೈ ಅಡ್ಡ ಹಿಡಿದರೆ ಅವಳಿಗೆ ಅದು ಅವಮಾನ. ಅಂಥ ಮನೆಗೆ ಮೋತ್ಯಾ ಎಂಬ ಕಂದು ನಾಯಿಮರಿ ಬಂದ ಮೇಲೆ ಕೇಳಬೇಕೆ? ಸ್ವಲ್ಪ ದಿನಗಳಲ್ಲೇ ಅದರ ಹೊಟ್ಟೆ ಗುಡಾಣದಂತಾಯಿತು. ಬಂದವರಿಗೆಲ್ಲ ಅತ್ತಿ ಅದನ್ನು ಎತ್ತಿ ತೋರಿಸುವಳು.

"ನೋಡ್ರಿ, ನಮ್ಮನಿ ಮಜ್ಜಿಗಿ ಕುಡುದ ಹೊಟ್ಟಿ ಇದು."

ಕಾಲು ಕಡ್ಡಿಯಾಗಿವೆಯಲ್ಲ ಎಂದರೆ, "ಮೊದಲ ಹೊಟ್ಟಿ ಬರ್ಲಿ, ಕಾಲು ಆಮ್ಯಾಲ ಬರ್ತಾವ" ಎನ್ನುವಳು.

ಒಂದು ಮುಂಜಾನೆ ಮೋತ್ಯಾ ಕಟ್ಟೆಯ ಮೇಲೆ ವಾಂತಿ ಮಾಡಿಕೊಂಡಿತು. ಅದರಲ್ಲಿ ಉದ್ದುದ್ದ ಬಿಳಿ ಎಳೆಗಳಿದ್ದವು. "ಇದಕ್ಕ ಶ್ಯಾವಗಿ ಯಾರು ಹಾಕಿದ್ರು?" ಎಂದು ಬಗ್ಗಿ ನೋಡಿದ ಅತ್ತಿ, ಎಳೆಗಳು ಮಿಸುಕಾಡಿದ್ದನ್ನು ಕಂಡು ಹಿಂದೆ ಸರಿದಳು. (ಆ ವರ್ಷವಿಡೀ ಅವಳು ಶ್ಯಾವಿಗೆ ಮುಟ್ಟಲಿಲ್ಲ. ನಾನು ಮಾತ್ರ ಬಿಡಲಿಲ್ಲ.) ಮರಿಗೆ ನಿಲ್ಲಲೂ ತ್ರಾಣವಿರಲಿಲ್ಲ. ಹಳೆಯ ಸೀರೆಯಲ್ಲಿ ಸುತ್ತಿಕೊಂಡು ಗದಗಿನ ಬಸ್ಸು ಹತ್ತಿದೆವು.

"ನಾಯಿ ಹತ್ತಸಾಂಗಿಲ್ಲಬೇ," ಎಂದ ಕಂಡಕ್ಟರ್.

"ಕೂಸು ಐತಿ, ಜೀವಾ ಹೊಂಟೈತಿ. ಸೀಟಿ ಹೊಡಿ ನನ್ನಪ್ಪಾ," ಎಂದಳು ಅತ್ತಿ. ಅವನು ಅವಳ ಮುಖ ನೋಡಿ ಸೀಟಿ ಹೊಡೆದ.

ದನದ ದವಾಖಾನೆಯ ಡಾಕ್ಟರು ಮರಿಯ ಹೊಟ್ಟೆ ಒತ್ತಿ ನೋಡಿದರು. "ಅಮ್ಮಾರ, ಇದು ಉಂಡ ಹೊಟ್ಟಿ ಅಲ್ರಿ, ಹುಳದ ಹೊಟ್ಟಿ. ತಾಯಿ ಹೊಟ್ಟ್ಯಾಗ ಇದ್ದಾಗನ ಬಂದಿರ್ತಾವ. ನಿಮ್ಮ ತಪ್ಪೇನಿಲ್ಲ."

ಕೊನೆಯ ಮಾತು ಅವಳ ಕಿವಿಗೆ ಬೀಳಲಿಲ್ಲವೆಂದು ಕಾಣುತ್ತದೆ. ತಿರುಗಿ ಬರುವಾಗ ಬಸ್ಸಿನಲ್ಲಿ, "ಇಷ್ಟು ದಿನಾ ನಾ ಹುಳಕ್ಕ ಉಣಿಸಿದೆ ನೋಡವಾ," ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಮನೆಗೆ ಬಂದವಳೇ ಒಲೆ ಹಚ್ಚಿದಳು. ಬಿಸಿ ಜೋಳದ ರೊಟ್ಟಿಯನ್ನು ಬೆಣ್ಣೆ, ಬೆಲ್ಲದ ಜೊತೆ ಕಿವುಚಿ ಮುಷ್ಟಿಯಲ್ಲಿ ಒತ್ತಿದರೆ ಮುಟಗಿ. ಗುಳಿಗೆ ಅದರ ಹೊಟ್ಟೆಯೊಳಗೆ ಸೇರಿತು. ಮೋತ್ಯಾ ಮೂಸಿ ಮುಖ ತಿರುಗಿಸಿತು. ಹಟ ಹಿಡಿದ ಕೂಸಿಗೆ ಉಣ್ಣಿಸುವಾಗ ನಮ್ಮ ಕಡೆಯ ತಾಯಂದಿರು ಮೊದಲ ತುತ್ತು ತಾವು ತಿಂದು ತೋರಿಸುತ್ತಾರೆ. ಅತ್ತಿಯೂ ಗುಳಿಗೆಯಿಲ್ಲದ ಇನ್ನೊಂದು ಮುಟಗಿ ಮಾಡಿ, ಮರಿಯೆದುರು ಕುಳಿತು ನಿಧಾನ ತಿಂದಳು. "ನಾ ತಿಂದೇನಿ ನೋಡು. ಈಗ ನೀ ತಿನ್ನು."

ಅದು ಅವಳ ಬಾಯಿಯನ್ನೇ ನೋಡಿತು. ಆಮೇಲೆ ತಿಂದಿತು.

ಇದೆಲ್ಲ ನೋಡುತ್ತ ನಿಂತಿದ್ದ ನನಗೆ ಬೆಣ್ಣೆಯ ಘಮಕ್ಕೆ ಬಾಯಲ್ಲಿ ನೀರು. "ನನಗೂ ಹುಳಾ ಆಗ್ಯಾವ ಕಾಣತೈತಿ," ಎಂದೆ.

"ನಿನಗ ಹುಳಾ ಇಲ್ಲ, ಹಟಾ ಐತಿ. ಹಿಡಿ," ಎಂದು ಮೂರನೆಯದನ್ನು ನನ್ನ ಕೈಗಿಟ್ಟಳು.

ಮೋತ್ಯಾ ಬದುಕಿತು. ಕಾಲುಗಳೂ ಬಂದವು. ಗುಳಿಗೆಯ ದಿನ ಬಂದಾಗಲೆಲ್ಲ ಒಲೆಯ ಮುಂದೆ ನಾವು ಮೂವರು: ಮೊದಲನೆಯದು ಅತ್ತಿಗೆ, ಎರಡನೆಯದು ಮೋತ್ಯಾನಿಗೆ, ಮೂರನೆಯದು ನನಗೆ. ಮೋತ್ಯಾ ಹೋಯಿತು, ಆಮೇಲೆ ಅತ್ತಿಯೂ ಹೋದಳು. ಹಬ್ಬಹುಣ್ಣಿಮೆಗಳಲ್ಲಿ ಅವಳು ಅಷ್ಟಾಗಿ ನೆನಪಾಗುವುದಿಲ್ಲ. ಆದರೆ ರೊಟ್ಟಿ ಬಡಿಯುವ ಸದ್ದು ಕೇಳಿದರೆ ಸಾಕು, ಅವಳು ಬೇಕು ಅನ್ನಿಸುತ್ತದೆ.

ಎದ್ದು ಹೋಗಿ ರೊಟ್ಟಿ ಬಡಿದೆ. ಕೈ ಸುಟ್ಟುಕೊಂಡೇ ಕಿವುಚಿದೆ. ಬ್ರೂನೋನ ಎದುರು ನೆಲದ ಮೇಲೆ ಕುಳಿತು ಮೊದಲನೆಯದನ್ನು ತಿಂದೆ. ಅದು ನನ್ನ ಬಾಯಿಯನ್ನೇ ನೋಡಿತು. "ನಾ ತಿಂದೇನಿ ನೋಡು," ಎಂದೆ. ಗುಳಿಗೆ ಅಡಗಿಸಿದ್ದ ಎರಡನೆಯದನ್ನು ಗಬಕ್ಕನೆ ನುಂಗಿತು. ಕಾಲೊರಸು, ಮೂಲೆ ಎಲ್ಲ ಹುಡುಕಿದೆ. ಗುಳಿಗೆ ಎಲ್ಲೂ ಇರಲಿಲ್ಲ.

ತಾಟಿನಲ್ಲಿ ಇನ್ನೊಂದು ಉಳಿದಿತ್ತು. ರೂಢಿಯ ಕೈ, ಕೇಳದೆಯೇ ಮೂರು ಮಾಡಿತ್ತು. ಮೂರನೆಯದು ನನ್ನದೇ, ಎತ್ತಿ ತಿನ್ನಬಹುದಿತ್ತು. ಆದರೆ ಅದನ್ನು ನಾನು ಎಂದೂ ನನ್ನ ಕೈಯಾರೆ ತೆಗೆದುಕೊಂಡವಳಲ್ಲ. "ಹಿಡಿ" ಎನ್ನುವವರು ಬೇಕಿತ್ತು. ತಾಟನ್ನು ಮಡಿಲಲ್ಲಿಟ್ಟುಕೊಂಡು, ಬೆಣ್ಣೆ ಹೆಪ್ಪುಗಟ್ಟುವವರೆಗೂ ಕುಳಿತೇ ಇದ್ದೆ.