ಕುರಿಯ ಬೆನ್ನಿನ ಗುರುತು

"ಗುರುತು ಮುಚ್ಚಿದ ಕುರಿ ಅಂದ್ರ ಕಳವಿನ ಮಾಲ!"

ಭಾನುವಾರ ನಮ್ಮ ರೀಲ್ ಕೆಳಗೆ ಯಾರೋ ಹಾಕಿದ ಕಾಮೆಂಟ್ ಇದು. ಮಧ್ಯಾಹ್ನದೊಳಗೆ ಊರೂರಿನ ವಾಟ್ಸ್ಯಾಪ್ ಗ್ರೂಪುಗಳಲ್ಲಿ ಅದರದೇ ಸ್ಕ್ರೀನ್‌ಶಾಟ್.

ಅಕ್ಕಲಕೋಟ ತಾಲ್ಲೂಕಿನ ತಡವಳದ ಲಕ್ಕವ್ವನ ಮಗ ಬೀರಪ್ಪ ಕುರಿ ಕಳವಿನ ಆರೋಪದ ಮೇಲೆ ಜೈಲಿನಲ್ಲಿದ್ದಾನೆ. ವಿಚಾರಣೆಯೇ ಶುರುವಾಗಿಲ್ಲ. ಬೇಲ್ ಸಿಕ್ಕಿದೆ, ಜಾಮೀನು ನಿಲ್ಲುವವರು ಬಹಳ ದಿನ ಸಿಕ್ಕಿರಲಿಲ್ಲ. ಹೀಗೆ ಕೂತವರಿಂದಲೇ ಜೈಲುಗಳು ಕಿಕ್ಕಿರಿದಿವೆ.

ಇದನ್ನು ಮಂದಿಗೆ ಕಾಣಿಸೋಣವೆಂದು ಗೆಳೆಯ ವಿನಾಯಕ (ಕಲಾವಿದ, ಅವನೇ ಹೇಳಿಕೊಳ್ಳುವಂತೆ) ಮತ್ತು ನಾನು ಲಕ್ಕವ್ವನನ್ನು ಕೇಳಿ ರೀಲ್ ಮಾಡಿದೆವು. ಹತ್ತು ಕುರಿ ಹಿಡಿಸುವ ದೊಡ್ಡಿಯಲ್ಲಿ ಮೂವತ್ತು ಕುರಿ. ಒಂದೊಂದರ ಬೆನ್ನಿಗೂ ಬಿಳಿ ಬಣ್ಣದ ಕೈದಿ ನಂಬರ್. ಚೆಂದ ಬಂತು. ಗಂಟೆಗೊಮ್ಮೆ ವ್ಯೂಸ್ ನೋಡಿ ಡೈರಿಗೆ ಬರೆದೆ (ಚಟ!).

ಆದರೆ ಲಕ್ಕವ್ವನ ಮನೆತನದ ಗುರುತು, ಎಣ್ಣೆಯಲ್ಲಿ ಕಲಸಿ ಎಳೆದ ಕೆಂಪು ಪಟ್ಟೆ, ಇದ್ದದ್ದೂ ಆ ಬೆನ್ನುಗಳ ಮೇಲೇ. "ಫ್ರೇಮ್‌ದಾಗ ಕೆಂಪು ಕಣ್ಣಿಗೆ ಚುಚ್ಚತದ" ಎಂದು ವಿನಾಯಕ ಅದರ ಮೇಲೂ ಬಿಳಿ ಬಳಿದ. ನಾನು ತಲೆಯಾಡಿಸಿದೆ. ಲಕ್ಕವ್ವ ಅಂದು ಮಗನ ಭೇಟಿಗೆ ಜೈಲಿಗೆ ಹೋಗಿದ್ದಳು. ಇದ್ದಿದ್ದರೆ ಬಿಡುತ್ತಿದ್ದಳೇ?

ಕಾಮೆಂಟ್ ನೋಡಿ ನಾವಿಬ್ಬರೂ ಸೊಲ್ಲಾಪುರದಿಂದ ತಡವಳಕ್ಕೆ ಬೈಕ್ ಓಡಿಸಿದೆವು. ಹೋಗುವಷ್ಟರಲ್ಲಿ ಲಕ್ಕವ್ವನಿಗೆ ಬೋರಾಮಣಿ ಊರಿನಿಂದ ತಮ್ಮ ಸಿದ್ರಾಮನ ಫೋನ್. ಮಂಗಳವಾರ ಜಾಮೀನು ನಿಲ್ಲಬೇಕಾದವನು ಅವನೇ.

"ಅಕ್ಕಾ, ನಾ ಬರಂಗಿಲ್ಲ. ಮಂದಿ ಏನ್ ಬರ್ದಾರ ನೋಡೀಯೇನ? ಹೊಲದ ಉತಾರಾ ಕಾಗದ ಕೋರ್ಟಿಗೆ ಕೊಟ್ಟು ನಾನೂ ಕಳ್ಳ ಅನ್ನಿಸ್ಕೊಳ್ಳೇನು?"

ಕಟ್.

"ಡಿಲೀಟ್ ಮಾಡ್ಲೇನ್ರೀ ಮಾವ್ಶಿ?" ಲಕ್ಕವ್ವನನ್ನು ಕೇಳಿದೆ.

"ಡಿಲೀಟ್ ಮಾಡಿದ್ರ ಮುಚ್ಚಿಟ್ರು ಅಂತಾರ. ಕುರಿ ಕದ್ದವ್ರು ಮೊದ್ಲ ಮುಚ್ಚೂದ ಗುರ್ತ. ನೀವೇನ್ ಶಾಣ್ಯಾರ ಯವ್ವಾ! ಹಿಡಿ ಮೊಬೈಲ. ಏ ಚಿತ್ರಗಾರ, ನೀರ್ ತಾ."

ಒಂದೊಂದೇ ಕುರಿಯನ್ನು ಹಿಡಿದು ಅವಳು ತೊಳೆದಳು. ಬಿಳಿ ಇಳಿದು ಹೋಯಿತು. ಎಣ್ಣೆಯ ಕೆಂಪು ಹಾಗೇ ಉಳಿದಿತ್ತು. ಕೊನೆಗೆ ಕ್ಯಾಮೆರಾ ಕಡೆ ತಿರುಗಿ, "ಸಿದ್ರಾಮಾ, ಸಣ್ಣಾವಿದ್ದಾಗ ಈ ಬಣ್ಣ ನೀನೂ ಕಲಸೀದಿ. ನೋಡು" ಎಂದಳು.

ಹಳೆ ರೀಲಿನ ಕೆಳಗೆ ನಮ್ಮ ತಪ್ಪು ಬರೆದು, ಹೊಸ ವಿಡಿಯೊ ಹಾಕಿದೆವು. ಅದನ್ನು ನೋಡಿದವರು ಬೆರಳೆಣಿಕೆಯಷ್ಟು. ತೊಳೆದ ಕುರಿಯನ್ನು ಯಾರು ಶೇರ್ ಮಾಡುತ್ತಾರೆ?

ಸಿದ್ರಾಮನಿಗೂ ಕಳಿಸಿದೆ.

ಇದು ಸೋಮವಾರ ಸಂಜೆ ಬರೆದದ್ದು. ನಾಳೆ ಹನ್ನೊಂದಕ್ಕೆ ಕೋರ್ಟು. ಲಕ್ಕವ್ವ ಮಗನ ಅಂಗಿ ಒಗೆದು ಚೀಲಕ್ಕೆ ಹಾಕಿಟ್ಟಿದ್ದಾಳೆ. ಈಗಷ್ಟೇ ನನ್ನ ಮೊಬೈಲಿನಲ್ಲಿ, ಸಿದ್ರಾಮನಿಗೆ ಕಳಿಸಿದ ವಿಡಿಯೊದ ಕೆಳಗೆ, ಎರಡು ನೀಲಿ ಟಿಕ್ ಬಿದ್ದವು.

ನೋಡಿದವನು ಬರುತ್ತಾನಾ?