ಹಕ್ಕಿ ಎದ್ದ ಮೇಲೆ ಕುದುರೆ ಎತ್ತುವ ಸಬೀನಾ

ಮೇಯೋ ಜಿಲ್ಲೆಯ ಕಡಲಂಚಿನ ಕೊನೆಯಲ್ಲಿ, ಕರೆಂಟು ಇನ್ನೂ ಬಾರದಿದ್ದ ಕಾಲದಲ್ಲಿ, ಜೌಗಿನಲ್ಲಿ ಸ್ನೈಪ್ ಎಂಬ ಉದ್ದ ಕೊಕ್ಕಿನ ಹಕ್ಕಿ ಹೊಡೆಯುತ್ತಿದ್ದ ಹೆಂಗಸು ಸಬೀನಾ ಪ್ಯಾಡನ್ ಒಬ್ಬಳೇ. ಮೊದಮೊದಲು ಊರಿನವರಿಗೆ ಇದರ ಬಗ್ಗೆ ಹೇಳುವುದು ಬಹಳ ಇತ್ತು. ಅವಳು ಹೊಡೆದ ಹಕ್ಕಿ ಪಾದ್ರಿಯವರ ಅಡುಗೆಮನೆಗೂ ಹೋಗತೊಡಗಿದ ಮೇಲೆ ಆ ಮಾತು ಕಡಿಮೆಯಾಯಿತು.

ಬಂದೂಕು ಅವಳ ಅಪ್ಪ ಆಂಥೊನಿಯದು. ಹಳೆಯ ಜೋಡಿ ನಳಿಗೆ, ತೋಟಾ ತುಂಬಲು ನಡುವೆ ಮಡಚುವಂಥದ್ದು. ನಳಿಗೆಗಳ ಹಿಂದೆ ಎರಡು ಕುದುರೆಗಳು ಮೊಲದ ಕಿವಿಯ ಹಾಗೆ ಹೊರಗೇ ನಿಂತಿರುತ್ತಿದ್ದವು. ಹೆಬ್ಬೆರಳಿನಿಂದ ಅವನ್ನು ಹಿಂದಕ್ಕೆ ಎತ್ತಿದರೆ ಮಾತ್ರ ಟ್ರಿಗರ್ ಒತ್ತಿದಾಗ ಗುಂಡು ಹಾರುತ್ತದೆ. ಎತ್ತಿ ಮರೆತರೆ ಅದಕ್ಕೆ ತೋಚಿದಾಗ ಹಾರುತ್ತದೆ. ಆಂಥೊನಿ ಒಮ್ಮೆ ಎತ್ತಿ ಮರೆತು ಕಲ್ಲುಗೋಡೆ ಹತ್ತಿದ. ಎಡಗಾಲಿನ ಎರಡು ಬೆರಳು ಗೋಡೆಯ ಆಚೆ ಹೋದವು, ಮಿಕ್ಕ ಆಂಥೊನಿ ಈಚೆ ಉಳಿದ. ಆಮೇಲೆ ಜೌಗಿನಲ್ಲಿ ನಡೆಯುವುದು ಅವನಿಂದ ಆಗಲಿಲ್ಲ. ಬಂದೂಕನ್ನು ಮಗಳಿಗೆ ಕೊಡುವ ಮುನ್ನ ಒಲೆಯ ಮುಂದೆ ಕೂತು ಕಾಲುಚೀಲ ಬಿಚ್ಚಿದ.

"ನೋಡ್ಕೊಂಡ್ಯಾ ಮಗಳೇ?"

"ನೋಡ್ದೆ ಅಪ್ಪ."

"ಹಕ್ಕಿ ಎದ್ದ ಮೇಲೆ ಕುದುರೆ ಎತ್ತು. ಮುಂಚೆ ಎತ್ತಿದ್ರೆ ಹೀಗೆ."

"ನಾನು ಎತ್ತೋ ಹೊತ್ತಿಗೆ ಹಕ್ಕಿ ಹೋಗಿರುತ್ತಲ್ಲ."

"ಹೋಗ್ಲಿ ಬಿಡು. ಅದು ನಾಳೆನೂ ಬರುತ್ತೆ."

ಮೊದಲ ಚಳಿಗಾಲ ಪೂರ್ತಿ ಹಕ್ಕಿಗಳು ಹೋದವು. ಆಮೇಲೆ ಒಂದು ಸಂಗತಿ ಅವಳಿಗೆ ಹೊಳೆಯಿತು. ಸ್ನೈಪ್ ಎದ್ದ ಕೂಡಲೇ ಅಂಕುಡೊಂಕಾಗಿ ಹಾರುತ್ತದೆ, ಸ್ವಲ್ಪ ದೂರ ಹೋಗಿ ನೆಟ್ಟಗಾಗುತ್ತದೆ. ಉಳಿದವರು ಆ ಅಂಕುಡೊಂಕಿಗೆ ತೋಟಾ ಸುರಿಯುತ್ತಿದ್ದರು. ಸಬೀನಾ ಆ ಹೊತ್ತಿನಲ್ಲಿ ಕುದುರೆ ಎತ್ತಿದಳು. ಹೆಬ್ಬೆರಳು ಹಿಂದಕ್ಕೆ, ಬಂದೂಕು ಹೆಗಲಿಗೆ, ಎರಡೂ ಒಂದೇ ಕೆಲಸವಾಯಿತು.

ಫೆಸ್ಟಸ್ ಲಾವೆಲ್ ಕಡಲೇಡಿ ಹಿಡಿಯುವವನು. ಅವನಿಗೆ ಬೇಟೆಯ ಹುಚ್ಚು ಇರಲಿಲ್ಲ, ಸಬೀನಾಳ ಹುಚ್ಚು ಇತ್ತು. ಸೋದರಮಾವನ ಅಂಥದ್ದೇ ಬಂದೂಕು ಎರವಲು ತಂದು, ಡಿಸೆಂಬರಿನ ಒಂದು ಬೆಳಿಗ್ಗೆ ಅವಳ ಜೊತೆ ಜೌಗಿಗೆ ಹೊರಟ. ಹಿಮ ಬೆರೆತ ಮಳೆ ಬೀಳುತ್ತಿತ್ತು. ಸಬೀನಾಳ ನಾಯಿ ಮುಂದೆ ಮೂಸುತ್ತಿತ್ತು.

"ಫೆಸ್ಟಸ್, ನಿನ್ನ ಕುದುರೆ ಎತ್ತಿದೆ."

"ಸಿದ್ಧ ಇರ್ಬೇಕಲ್ಲ."

"ನೀನು ಸಿದ್ಧ. ನಾನಿಲ್ಲ. ನಳಿಗೆ ನನ್ನ ಸೊಂಟ ನೋಡ್ತಿದೆ."

ಅವನು ನಳಿಗೆಯನ್ನು ನೆಲಕ್ಕೆ ತಿರುಗಿಸಿದ. ಸುತ್ತ ಯಾರೂ ಇರಲಿಲ್ಲ. ಇಂಥ ಹೊತ್ತು ಮತ್ತೆ ಸಿಗಲಿಕ್ಕಿಲ್ಲ ಅನ್ನಿಸಿತು ಅವನಿಗೆ.

"ಸಬೀನಾ, ನಿನ್ನ ಮದುವೆ ಆಗ್ಬೇಕು ಅಂತಿದ್ದೀನಿ."

"ಮೊದ್ಲು ಕುದುರೆ ಇಳ್ಸು."

ಫೆಸ್ಟಸ್ ಕುದುರೆಯನ್ನು ಹೆಬ್ಬೆರಳಲ್ಲಿ ಹಿಡಿದು, ನಿಧಾನ ಇಳಿಸೋಣವೆಂದು ಟ್ರಿಗರ್ ಒತ್ತಿದ. ಒದ್ದೆ ಬೆರಳು ಜಾರಿತು. ಇಬ್ಬರ ನಡುವೆ ನೆಲ ಸಿಡಿದು ಒಂದು ಗುಂಡಿಯಾಯಿತು, ಅದರಲ್ಲಿ ಕಂದು ನೀರು ತುಂಬತೊಡಗಿತು. ನಾಯಿ ಇಬ್ಬರನ್ನೂ ಒಮ್ಮೆ ನೋಡಿ ಮನೆಯ ದಾರಿ ಹಿಡಿಯಿತು.

ಸಬೀನಾ ಒದ್ದೆ ನೆಲದಲ್ಲೇ ಕೂತುಬಿಟ್ಟಳು. ಕಿವಿಯಲ್ಲಿ ಗುಂಯ್ ಎನ್ನುತ್ತಿತ್ತು. ಫೆಸ್ಟಸ್‌ನ ತುಟಿ ಅಲುಗುವುದು ಕಾಣುತ್ತಿತ್ತು. ಕ್ಷಮೆ ಕೇಳುತ್ತಿದ್ದಾನೆಂದು ಆಮೇಲೆ ತಿಳಿಯಿತು. ಅವನ ಮುಖ ಸುಣ್ಣದ ಹಾಗಿತ್ತು.

"ಇನ್ನೊಂದು ಕುದುರೆ ಇನ್ನೂ ಎತ್ತಿದೆ," ಎಂದಳು. "ಅದನ್ನ ಮುಟ್ಬೇಡ. ನಳಿಗೆ ಅತ್ಲಾಗಿರ್ಲಿ. ಮೊದ್ಲು ಬಂದೂಕು ಮಡಚು. ತೋಟಾ ತೆಗಿ. ಆಮೇಲೆ ಇಳ್ಸು."

ಹಾಗೇ ಮಾಡಿದ. ಈ ಸಲ ಏನೂ ಆಗಲಿಲ್ಲ.

ನಾಯಿ ಒಂಟಿಯಾಗಿ ಬಂದದ್ದನ್ನು ಕಂಡ ಆಂಥೊನಿ, ಹೆಣ ಹೊರಲು ದನದ ಕೊಟ್ಟಿಗೆಯ ಬಾಗಿಲು ಕೀಳಿಸಿ, ನೆರೆಯವರ ಕೈಯಲ್ಲಿ ಹೊರಿಸಿಕೊಂಡು ಕುಂಟುತ್ತ ಜೌಗಿಗೆ ಬಂದ. ಮಗಳು ಗೋಡೆಯ ಮೇಲೆ ಕೂತಿದ್ದಳು. ಕೆಳಗೆ ಫೆಸ್ಟಸ್ ಖಾಲಿ ಬಂದೂಕಿನ ಕುದುರೆ ಎತ್ತುತ್ತ ಇಳಿಸುತ್ತ ನಿಂತಿದ್ದ.

"ಯಾರು ಸತ್ತದ್ದು?"

"ಯಾರೂ ಇಲ್ಲಪ್ಪ. ಫೆಸ್ಟಸ್ ಮದುವೆ ಕೇಳ್ದ."

"ಗುಂಡು ಹೊಡ್ದದ್ದು?"

"ಅವನೇ."

ಬಾಗಿಲು ಕೆಳಗಿಡಿ ಎಂದು ಆಂಥೊನಿ ನೆರೆಯವರಿಗೆ ಸನ್ನೆ ಮಾಡಿದ. "ನೀನೇನಂದೆ?"

"ಇನ್ನೂ ಏನೂ ಅಂದಿಲ್ಲ."

ಆ ಚಳಿಗಾಲವಿಡೀ ಅವಳು ಅವನನ್ನು ಖಾಲಿ ಬಂದೂಕು ಹೊರಿಸಿ ನಡೆಸಿದಳು. ಹಳ್ಳ ದಾಟುವಾಗ ಬಂದೂಕು ಮಡಚಿರಬೇಕು, ಗೋಡೆ ಹತ್ತುವಾಗ ಇನ್ನೊಬ್ಬರ ಕೈಗೆ ಕೊಡಬೇಕು. "ಏನಪ್ಪಾ ಫೆಸ್ಟಸ್, ಊರುಗೋಲು ಚೆನ್ನಾಗಿದೆಯಾ?" ಎಂದು ಗಂಡಸರು ಪಬ್ಬಿನ ಬಾಗಿಲಲ್ಲಿ ಕೇಳುತ್ತಿದ್ದರು. "ಭಾರ ಸ್ವಲ್ಪ ಜಾಸ್ತಿ," ಎಂದು ಅವನು ಮರುದಿನವೂ ಹೊರಡುತ್ತಿದ್ದ. ಅವನು ಸಿಟ್ಟಾಗದಿರುವುದನ್ನು ಸಬೀನಾ ಗಮನಿಸಿದಳು. ಈಸ್ಟರ್ ಕಳೆದ ಮೇಲೆ, ತಾನಾಗಿಯೇ, ಆಗಲಿ ಎಂದಳು.

ಮದುವೆಯಾದ ಮುಂದಿನ ಚಳಿಗಾಲ ಅವನ ಕೈಗೆ ತೋಟಾ ಕೊಟ್ಟಳು. ಅವನು ಹಕ್ಕಿ ಎದ್ದ ಮೇಲೆ ಕುದುರೆ ಎತ್ತಿ, ಒಂದು ಸ್ನೈಪ್ ಹೊಡೆದೂ ಹೊಡೆದ. ಅವಳು ಅದನ್ನು ಬೇಕನ್ ಕೊಬ್ಬಿನಲ್ಲಿ ಹುರಿದು ತಟ್ಟೆಗೆ ಹಾಕಿದಳು. ಫೆಸ್ಟಸ್ ಎರಡೇ ತುತ್ತಿಗೆ ತಿಂದು ಮುಗಿಸಿ ಮೂಳೆಗಳನ್ನು ನೋಡುತ್ತ ಕೂತ.

"ಇಷ್ಟೇನಾ ಇದರಲ್ಲಿ ಇರೋದು?"

"ಇಷ್ಟೇ."

ಮರುದಿನದಿಂದ ಅವನು ಕಡಲಿಗೆ ಹೋದ, ಅವಳು ಜೌಗಿಗೆ.