ಕಣ್ಣಿನ ಹಿಂಬದಿಯ ಫೋಟೋ

ನನ್ನ ಮೊಮ್ಮಗಳ ಎಡಗಣ್ಣು ಉಳಿಯಿತು. ಮೂರನೇ ಇಯತ್ತೆಗೇ ಸಾಲಿ ಬಿಟ್ಟವಳು ನಾನು, ಅಕ್ಷರ ಡೊಂಕಾದರೂ ಆಗಲಿ, ಮೊದಲು ಈ ಸುದ್ದಿ ಬರೆದುಬಿಡುತ್ತೇನೆ. ನಿನ್ನೆಯಿಂದ ಸಂತೋಷ ಹೊಟ್ಟೆಯಲ್ಲಿ ಹಿಡಿಸುತ್ತಿಲ್ಲ. ಉಳಿದದ್ದೆಲ್ಲ ಕಹಿ.

ಇಳಕಲ್ಲಿನಲ್ಲಿ ನಮ್ಮದು ನೇಕಾರರ ಮನೆ. ಹೋದ ಚಳಿಗಾಲದಲ್ಲಿ ಹುಡುಗಿಯ ಎರಡೂ ಕಣ್ಣು ಕೆಂಪಾದವು. ಬಿಸಿಲು ಚುಚ್ಚುತ್ತದೆ, ಕಣ್ಣ ಮುಂದೆ ಕರಿ ಚುಕ್ಕಿ ತೇಲುತ್ತವೆ ಅನ್ನುತ್ತಿದ್ದಳು. ಬಾಗಲಕೋಟೆಗೆ ಕರೆದೊಯ್ಯೋಣ ಎಂದು ಸೊಸೆ ಎರಡು ಸಲ ಕೇಳಿದಳು. ನಾನು ಹುಡುಗಿಯನ್ನು ಮಗ್ಗದ ಮುಂದೆ ಕೂರಿಸಿದೆ. ಸೀರೆಯ ಒಡಲಿನ ಎಳೆಗೆ ಸೆರಗಿನ ರೇಷ್ಮೆ ಎಳೆಯನ್ನು ಒಂದೊಂದಾಗಿ ಕೊಂಡಿ ಹಾಕಿ ಕೂಡಿಸುವುದು ನಮ್ಮೂರ ಪದ್ಧತಿ. ಒಂದೂ ಎಳೆ ತಪ್ಪದೆ ಮುಗಿಸಿದಳು.

“ನೋಡು, ಕಣ್ಣು ಕಾಣದಾಕಿ ಇದನ್ನ ಮಾಡ್ತಾಳೇನು?” ಎಂದೆ ಸೊಸೆಗೆ.

“ನಿಮ್ಮಷ್ಟು ನನಗೆಲ್ಲಿ ತಿಳಿತೈತ್ರಿ ಅತ್ತಿ,” ಎಂದು ಆಕೆ ಒಳಗೆ ಹೋದಳು.

ಸಣ್ಣಾಕಿ ಇದ್ದಾಗಿನಿಂದ ಕೊಂಡಿ ಹಾಕಿದ ಬೆರಳು ಅವು. ಕಣ್ಣು ಮುಚ್ಚಿಯೂ ಹಾಕುತ್ತವೆ. ಕಲಿಸಿದವಳು ನಾನೇ, ನನಗೇ ಅದು ಹೊಳೆಯಲಿಲ್ಲ.

ಮೂರು ತಿಂಗಳಾದ ಮೇಲೆ ಒಂದು ಮುಂಜಾನೆ ಹುಡುಗಿ ಕಪ್ಪಿನ ಚಹಾವನ್ನು ಬಸಿಗೆ ಬಗ್ಗಿಸಲು ಹೋಗಿ ಅದರ ಆಚೆಗೆ ಸುರಿದಳು. ಅವತ್ತೇ ಬಸ್ಸು ಹತ್ತಿದೆವು. ಬಾಗಲಕೋಟೆಯ ದವಾಖಾನೆಯಲ್ಲಿ ತೋಳಿನ ನರಕ್ಕೆ ಹಳದಿ ಬಣ್ಣ ಚುಚ್ಚಿ, ಕಣ್ಣಿಗೆ ಬೆಳಕು ಬಿಟ್ಟು ಬಿಟ್ಟು ಹಿಂಬದಿಯ ಫೋಟೋ ತೆಗೆದರು. ಇನ್ನೊಂದು ಯಂತ್ರ ಮುಟ್ಟದೆಯೇ ಕಣ್ಣಿನ ಒಳಪದರಗಳನ್ನು ಸೀಳಿ ತೋರಿಸಿತು. ಫೋಟೋದಲ್ಲಿ ನರಗಳ ಅಂಚೆಲ್ಲ ಹರಡಿಕೊಂಡಿತ್ತು, ಕಚ್ಚಾ ಬಣ್ಣದ ಸೀರೆ ನೀರಿಗೆ ಬಿದ್ದ ಹಾಗೆ.

“ಒಳಗ ಉರಿಯೂತ ಐತ್ರಿ, ರಕ್ತನಾಳ ಸೋರಾಕತ್ತಾವ,” ಎಂದರು ಡಾಕ್ಟರಮ್ಮ. “ಬಲಗಣ್ಣಿನ ನಡುಭಾಗ ಕೆಟ್ಟೈತಿ. ಎಡಗಣ್ಣಿಗೆ ನೋಡೂಣು. ಇಷ್ಟು ದಿನ ಯಾಕ ಬಿಟ್ರಿ?”

ಸೊಸೆ ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಚೆನ್ನಾಗಿತ್ತು.

ಪಾಯಖಾನೆಗೆ ಹೋಗಿ ಬಂದ ಹುಡುಗಿ ನನ್ನ ಕಿವಿಯಲ್ಲಿ, “ಆಯಿ, ಉಚ್ಚಿನೂ ಅರಿಷಿಣ ಆಗೇತಿ. ಒಂದು ಸೀರಿ ಅದ್ದಿ ತಗಿಯೂಣೇನು?” ಎಂದಳು. ನನಗೆ ನಗು ಬರಲಿಲ್ಲ.

ಆಮೇಲೆ ತಿಂಗಳುಗಟ್ಟಲೆ ಗುಳಿಗೆ. ಹುಡುಗಿಯ ಮುಖ ಊದಿ ಗುಂಡಾಯಿತು. ನಿನ್ನೆ ಮತ್ತೆ ಫೋಟೋ ತೆಗೆದರು. ಎಡಗಣ್ಣಿನ ಬಾವು ಇಳಿದಿದೆ, ಸೋರುವುದು ನಿಂತಿದೆ. ಬಲಗಣ್ಣಿನ ನಡುವೆ ಕಲೆ ಹಾಗೇ ಇದೆ, ಅದು ಹೋಗುವುದಿಲ್ಲವಂತೆ.

ವಾಪಸು ಬರುವಾಗ ಬಸ್ಸಿನಲ್ಲಿ ನನ್ನ ಬಾಯಿ ನಿಲ್ಲಲಿಲ್ಲ. ಕಮತಗಿಯಲ್ಲಿ ಹತ್ತಿ ಪಕ್ಕ ಕೂತ ಹೆಂಗಸಿಗೆ, “ನನ್ನ ಮೊಮ್ಮಗಳ ಕಣ್ಣು ಉಳೀತ್ರಿ,” ಎಂದೆ.

“ಪುಣ್ಯವಂತರು ಬಿಡ್ರಿ,” ಎಂದಳು. “ಎರಡೂ ಉಳಿದ್ವು?”

“ಒಂದು ಹೋತ್ರಿ,” ಎಂದೆ, ಅದು ತಾನಾಗಿ ಹೋದ ಹಾಗೆ.

ಮುಂದಿನ ಸೀಟಿನಲ್ಲಿದ್ದ ಸೊಸೆ ತಿರುಗಿದಳು. “ಹೆಂಗ ಹೋತು ಅನ್ನೂದೂ ಹೇಳ್ರಿ, ಅತ್ತಿ.”

ಹೇಳಿದೆ. ಹುನಗುಂದ ಬರುವ ತನಕ ಏನೂ ಬಿಡದೆ ಹೇಳಿದೆ. ಆ ಹೆಂಗಸು ಮತ್ತೆ ಪುಣ್ಯವಂತರು ಅನ್ನಲಿಲ್ಲ.